ಒಂದು ಮೇಲ್ಸೇತುವೆ, ಮೂರು ಪಟ್ಟಿ: ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚಿಕೆಯಾಗಿರುವ ಬಗೆ

ಪ್ರಶ್ನೆ: ನಮ್ಮೂರಿನ ರೈಲ್ವೆ ಗೇಟಿನ ಬಳಿ ಮೇಲ್ಸೇತುವೆಯ ಕೆಲಸ ಶುರುವಾಗಿ ಆರು ವರ್ಷಗಳಾದವು. ಹಳಿಗಳ ಮೇಲಿನ ಭಾಗ ಮುಗಿದು ನಿಂತಿದೆ, ಎರಡೂ ಬದಿಯ ಸಂಪರ್ಕ ರಸ್ತೆ ಮಾತ್ರ ಆಗಿಲ್ಲ. ಶಾಸಕರನ್ನು ಕೇಳಿದರೆ ‘ರೈಲ್ವೆ ಕೇಂದ್ರದ್ದು, ಅವರನ್ನೇ ಕೇಳಿ’ ಎನ್ನುತ್ತಾರೆ. ಸಂಸದರ ಕಚೇರಿಯಲ್ಲಿ ‘ಜಮೀನು ಬಿಡಿಸಿಕೊಡಬೇಕಾದದ್ದು ರಾಜ್ಯ’ ಎನ್ನುತ್ತಾರೆ. ಯಾವುದು ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಿಲ್ಲವೇ? ಇಬ್ಬರ ಕಾನೂನುಗಳೂ ಒಂದಕ್ಕೊಂದು ಎದುರಾದರೆ ಯಾರದ್ದು ನಡೆಯುತ್ತದೆ? ತೆರಿಗೆ ಹಣದಲ್ಲಿ ಕರ್ನಾಟಕಕ್ಕೆ ಅನ್ಯಾಯವಾಗುತ್ತಿದೆ ಎಂಬ ಮಾತಿನಲ್ಲಿ ಎಷ್ಟು ನಿಜವಿದೆ?
– ಹಾವೇರಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಶಾಸಕರೂ ಸಂಸದರ ಕಚೇರಿಯವರೂ ಹೇಳಿದ್ದು ಸುಳ್ಳಲ್ಲ; ಇಬ್ಬರೂ ಅರ್ಧ ಹೇಳಿದ್ದಾರೆ, ಅಷ್ಟೆ. ಬರೆದಿಲ್ಲವೇ ಎಂದು ಕೇಳಿದ್ದೀರಿ. ಬರೆದಿದೆ, ಬಹಳ ವಿವರವಾಗಿಯೇ ಬರೆದಿದೆ. ಆದರೆ ಒಂದು ವಿಷಯ ‘ಯಾರದ್ದು’ ಎಂದು ಕೇಳುವಾಗ ನಾವು ಮೂರು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿಬಿಡುತ್ತೇವೆ: ಅದರ ಬಗ್ಗೆ ಕಾನೂನು ಮಾಡುವವರು ಯಾರು, ಆ ಕಾನೂನನ್ನು ನೆಲದ ಮೇಲೆ ನಡೆಸುವವರು ಯಾರು, ಅದಕ್ಕೆ ಬೇಕಾದ ಹಣ ಯಾರ ಕೈಯಲ್ಲಿದೆ. ಸಂವಿಧಾನ ಈ ಮೂರನ್ನೂ ಬೇರೆ ಬೇರೆ ರೀತಿಯಲ್ಲಿ ಹಂಚಿದೆ ಮತ್ತು ಈ ಮೂರು ಹಂಚಿಕೆಗಳ ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ನಿಮ್ಮ ಮೇಲ್ಸೇತುವೆ ನಿಂತಿರುವುದು ಆ ಗೆರೆಗಳು ತಪ್ಪಿದ ಜಾಗದಲ್ಲಿ.

ಮೊದಲು ಕಾನೂನು ಮಾಡುವ ಅಧಿಕಾರವನ್ನು ನೋಡೋಣ. ಸಂವಿಧಾನದ 246ನೇ ವಿಧಿ ಮತ್ತು ಅದಕ್ಕೆ ಹೊಂದಿಕೊಂಡ ಏಳನೇ ಅನುಸೂಚಿ ವಿಷಯಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿವೆ. ಮೊದಲನೆಯದು ಸಂಸತ್ತಿಗೆ ಮಾತ್ರ ಸೇರಿದ ಕೇಂದ್ರ ಪಟ್ಟಿ, ಎರಡನೆಯದು ರಾಜ್ಯ ಶಾಸಕಾಂಗದ ಪಾಲಿನ ರಾಜ್ಯ ಪಟ್ಟಿ, ಮೂರನೆಯದು ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ. ಸಂವಿಧಾನ ಜಾರಿಗೆ ಬಂದಾಗ ಅವುಗಳಲ್ಲಿ ಕ್ರಮವಾಗಿ 97, 66 ಮತ್ತು 47 ನಮೂದುಗಳಿದ್ದವು. ಈ ಮೂರು ಪಟ್ಟಿಗಳ ಏರ್ಪಾಡು ನಮ್ಮ ಸಂವಿಧಾನ ಸಭೆಯ ಹೊಸ ಕಲ್ಪನೆಯಲ್ಲ. ಬ್ರಿಟಿಷರು 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಹಾಕಿದ ಚೌಕಟ್ಟನ್ನೇ ತಿದ್ದಿ ಬಳಸಿಕೊಳ್ಳಲಾಯಿತು. ಯಾವ ಪಟ್ಟಿಯಲ್ಲೂ ಇಲ್ಲದ, ಆಗ ಯಾರೂ ಊಹಿಸದಿದ್ದ ವಿಷಯಗಳು ಬಂದರೆ ಅವು ಸಂಸತ್ತಿಗೆ ಸೇರುತ್ತವೆ ಎಂದು 248ನೇ ವಿಧಿ ಹೇಳುತ್ತದೆ. ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಉಳಿಕೆ ಅಧಿಕಾರ ರಾಜ್ಯಗಳ ಬಳಿ ಇದೆ. ಅಲ್ಲಿ ಮೊದಲೇ ಇದ್ದ ರಾಜ್ಯಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಇಲ್ಲಿ ಹಾಗಾಗಲಿಲ್ಲ. ನಮ್ಮದು ರಾಜ್ಯಗಳ ನಡುವಿನ ಒಪ್ಪಂದದಿಂದ ಹುಟ್ಟಿದ ಒಕ್ಕೂಟವಲ್ಲ ಎಂಬುದನ್ನು ಅಂಬೇಡ್ಕರ್ ಅವರು 1948ರ ನವೆಂಬರ್‌ನಲ್ಲಿ ಕರಡನ್ನು ಮಂಡಿಸುವಾಗಲೇ ಸಭೆಗೆ ವಿವರಿಸಿದ್ದರು.

ಈಗ ನಿಮ್ಮ ಸೇತುವೆಯನ್ನು ಈ ಪಟ್ಟಿಗಳಲ್ಲಿ ಹುಡುಕಿ. ರೈಲ್ವೆ ಕೇಂದ್ರ ಪಟ್ಟಿಯ 22ನೇ ನಮೂದು. ರಸ್ತೆ ಮತ್ತು ಸೇತುವೆ ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿವೆ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಮಾತ್ರ ಅದು ಕೇಂದ್ರಕ್ಕೆ ಹೋಗುತ್ತದೆ. ಸಂಪರ್ಕ ರಸ್ತೆಗೆ ಬೇಕಾದ ಜಮೀನಿನ ಸ್ವಾಧೀನ ಸಮವರ್ತಿ ಪಟ್ಟಿಯ 42ನೇ ನಮೂದು. ಮೊದಲು ಭೂಸ್ವಾಧೀನವೂ ಕೇಂದ್ರದ ಕೆಲಸಕ್ಕೆ ಬೇರೆ, ರಾಜ್ಯದ ಕೆಲಸಕ್ಕೆ ಬೇರೆ ಎಂದು ಎರಡು ಪಟ್ಟಿಗಳಲ್ಲಿ ಹಂಚಿಹೋಗಿತ್ತು. 1956ರ ಏಳನೇ ತಿದ್ದುಪಡಿ ಅವೆರಡನ್ನೂ ತೆಗೆದು ಸಮವರ್ತಿ ಪಟ್ಟಿಯಲ್ಲಿ ಒಂದಾಗಿಸಿತು. ಹೀಗೆ ಹಳಿಯ ಮೇಲಿನ ಕೆಲವೇ ಮೀಟರ್ ಕಾಂಕ್ರೀಟು ಮೂರು ಪಟ್ಟಿಗಳಿಗೂ ಸೇರಿದೆ. ವಾಡಿಕೆಯಲ್ಲಿ ಹಳಿಯ ಮೇಲಿನ ಭಾಗವನ್ನು ರೈಲ್ವೆಯೂ, ಇಳಿಜಾರಿನ ಸಂಪರ್ಕ ರಸ್ತೆಯನ್ನು ರಾಜ್ಯದ ಲೋಕೋಪಯೋಗಿ ಇಲಾಖೆಯೂ ಕಟ್ಟುತ್ತವೆ, ವೆಚ್ಚವನ್ನು ಸಮಪಾಲು ಹಂಚಿಕೊಳ್ಳುತ್ತವೆ. ಹಳಿಯ ಮೇಲಿನದ್ದು ಮೊದಲು ಮುಗಿದು ಎರಡೂ ತುದಿ ಆಕಾಶ ನೋಡುತ್ತಾ ನಿಂತಿರುವ ದೃಶ್ಯ ನಾಡಿನ ಎಷ್ಟೋ ಊರುಗಳಲ್ಲಿ ಕಾಣುವುದಕ್ಕೆ ಇದೇ ಕಾರಣ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ಹೊಂದದಿದ್ದರೆ ಕೇಂದ್ರದ್ದೇ ನಿಲ್ಲುತ್ತದೆ, ರಾಜ್ಯದ್ದು ಹೊಂದದಷ್ಟರ ಮಟ್ಟಿಗೆ ಬಿದ್ದುಹೋಗುತ್ತದೆ. ಇದು 254ನೇ ವಿಧಿಯ ಮೊದಲ ಭಾಗ. ಅದೇ ವಿಧಿಯ ಎರಡನೇ ಭಾಗ ರಾಜ್ಯಕ್ಕೆ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದೆ. ರಾಜ್ಯದ ವಿಧೇಯಕವನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಳುಹಿಸಿ ಅವರ ಅಂಕಿತ ದೊರೆತರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಇದು ಪುಸ್ತಕದಲ್ಲಿ ಮಾತ್ರ ಇರುವ ಬಾಗಿಲು ಎಂದುಕೊಳ್ಳಬೇಡಿ. ಕರಾವಳಿಯ ಕಂಬಳ ಇಂದು ನಡೆಯುತ್ತಿರುವುದು ಈ ಬಾಗಿಲಿನಿಂದಲೇ.

ಅದರ ಕಥೆ ಸ್ವಲ್ಪ ವಿವರವಾಗಿ ಹೇಳುವಂಥದ್ದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು. ಅದರ ಮೇಲೆ 1960ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಇಡೀ ದೇಶಕ್ಕೆ ಅನ್ವಯವಾಗುತ್ತದೆ. ಆ ಕಾಯ್ದೆಯನ್ನು ಆಧರಿಸಿ 2014ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. ಅದರ ಬಿಸಿ ಕಂಬಳಕ್ಕೂ ತಟ್ಟಿ, 2016ರ ಕೊನೆಗೆ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. ರಾಜ್ಯ ಸರ್ಕಾರ ಆಗ ಮಾಡಿದ್ದೇನು? ಕೇಂದ್ರದ ಕಾಯ್ದೆಯನ್ನು ಕರ್ನಾಟಕದ ಮಟ್ಟಿಗೆ ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ವಿನಾಯಿತಿ ನೀಡುವ ಕಾನೂನನ್ನು ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಮತ್ತೆ ದೆಹಲಿಗೆ ಹೋದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ ಮತ್ತು ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕೋಣಗಳು ಓಡುವ ಗದ್ದೆ ನಮ್ಮದು, ಓಡಿಸುವವರು ನಮ್ಮವರು. ಆದರೂ ಆ ಓಟಕ್ಕೆ ದೆಹಲಿಯ ಅಂಕಿತ ಬೇಕಾಯಿತು. ಅಂಕಿತ ಕೊಡುವುದು ಎಂದರೆ ಕೇಂದ್ರ ಸಚಿವ ಸಂಪುಟದ ಸಲಹೆಯಂತೆ ಕೊಡುವುದು. ಹಾಗಾಗಿ ಈ ಬಾಗಿಲಿನ ಚಿಲಕ ಒಳಗಡೆ ಇದೆ, ಹೊರಗೆ ನಿಂತ ರಾಜ್ಯ ತಟ್ಟಬಹುದು ಅಷ್ಟೆ.

ಪಟ್ಟಿಗಳ ಗೆರೆಯೂ ನಿಂತಲ್ಲಿ ನಿಂತಿಲ್ಲ. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ, ವನ್ಯಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆ, ತೂಕ ಮತ್ತು ಅಳತೆ, ಕೆಳ ನ್ಯಾಯಾಲಯಗಳ ರಚನೆ ಎಂಬ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಎತ್ತಿ ಸಮವರ್ತಿ ಪಟ್ಟಿಗೆ ಹಾಕಿತು. ಆ ತಿದ್ದುಪಡಿಯ ಬಹಳಷ್ಟು ಭಾಗವನ್ನು ನಂತರ ಬಂದ ಜನತಾ ಸರ್ಕಾರ ಕಿತ್ತುಹಾಕಿದರೂ ಇದು ಮಾತ್ರ ಹಾಗೆಯೇ ಉಳಿಯಿತು. ಇಂದು ನೀಟ್ ಪರೀಕ್ಷೆ ಬೇಡವೆಂದು ರಾಜ್ಯ ವಿಧಾನಸಭೆ 2024ರ ಜುಲೈನಲ್ಲಿ ನಿರ್ಣಯ ಮಾಡಿದರೂ ಅದು ನಿರ್ಣಯವಾಗಿಯೇ ಉಳಿಯುವುದಕ್ಕೂ, ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಾಮಗಾರಿ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಮುಂದೆ ಕಾಯುತ್ತಾ ಕೂರುವುದಕ್ಕೂ ಆ ಬದಲಾವಣೆಯ ನೆರಳಿದೆ.

ಒಂದು ವಿಷಯ ಯಾವ ನಮೂದಿಗೆ ಸೇರುತ್ತದೆ ಎಂಬ ಬಗ್ಗೆಯೇ ಜಗಳವಾದಾಗ ನ್ಯಾಯಾಲಯ ಕಾನೂನಿನ ಹೆಸರನ್ನು ನೋಡದೆ ಅದರ ತಿರುಳನ್ನು ನೋಡುತ್ತದೆ. ತಿರುಳು ತನ್ನ ಪಟ್ಟಿಯೊಳಗಿದ್ದರೆ, ಅಂಚು ಬೇರೆ ಪಟ್ಟಿಯ ಮೇಲೆ ಸ್ವಲ್ಪ ಚಾಚಿದ್ದರೂ ಕಾನೂನು ಉಳಿಯುತ್ತದೆ. ಇತ್ತೀಚೆಗೆ, 2024ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠಗಳು ಇಂಥ ಎರಡು ಹಳೆಯ ಜಗಳಗಳನ್ನು ರಾಜ್ಯಗಳ ಪರವಾಗಿ ತೀರ್ಮಾನಿಸಿದವು. ಜುಲೈನಲ್ಲಿ, ಗಣಿಗಳ ರಾಜಧನ (ರಾಯಲ್ಟಿ) ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. 1989ರಿಂದ ಇದಕ್ಕೆ ವಿರುದ್ಧವಾದ ತೀರ್ಪು ಚಾಲ್ತಿಯಲ್ಲಿತ್ತು. ಅಕ್ಟೋಬರ್‌ನಲ್ಲಿ, ಕಾರ್ಖಾನೆಗಳಲ್ಲಿ ಬಳಸುವ ಮದ್ಯಸಾರವೂ ರಾಜ್ಯ ಪಟ್ಟಿಯ ‘ಮಾದಕ ಪಾನೀಯ’ ಎಂಬ ಮಾತಿನೊಳಗೆ ಬರುತ್ತದೆ ಎಂದಿತು. ಎರಡರಲ್ಲೂ ಎಂಟು ಮಂದಿ ಒಂದು ಕಡೆ, ಭಿನ್ನ ತೀರ್ಪು ಬರೆದವರು ಒಬ್ಬರೇ, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಬಳ್ಳಾರಿ, ಸಂಡೂರಿನ ಕಬ್ಬಿಣದ ಅದಿರನ್ನು ನೆನೆದರೆ ಮೊದಲನೇ ತೀರ್ಪು ಕರ್ನಾಟಕಕ್ಕೆ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಮಾಡುವುದರಿಂದ ಕಾನೂನು ನಡೆಸುವುದಕ್ಕೆ ಬಂದರೆ ಚಿತ್ರ ಬದಲಾಗುತ್ತದೆ, ಇಲ್ಲಿ ರಾಜ್ಯದ ಕೈ ಮೇಲಾಗುತ್ತದೆ. 73 ಮತ್ತು 162ನೇ ವಿಧಿಗಳ ಪ್ರಕಾರ ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಸಂಸತ್ತೇ ಕಾನೂನು ಮಾಡಿದ್ದರೂ ಅದನ್ನು ಕಾರ್ಯಗತ ಮಾಡುವ ಹೊಣೆ, ಕಾನೂನಿನಲ್ಲಿ ಬೇರೆ ರೀತಿ ಹೇಳದ ಹೊರತು, ರಾಜ್ಯದ್ದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಂಸತ್ತಿನದ್ದು. ಅದರ ಕೆಳಗೆ ಎಫ್‌ಐಆರ್ ಬರೆಯುವ ಠಾಣೆ ರಾಜ್ಯದ್ದು, ಏಕೆಂದರೆ ಪೊಲೀಸ್ ರಾಜ್ಯ ಪಟ್ಟಿಯ ಎರಡನೇ ನಮೂದು. ಪಾಸ್‌ಪೋರ್ಟ್ ಕೊಡುವುದು ಕೇಂದ್ರ, ಮನೆಗೆ ಬಂದು ವಿಚಾರಿಸುವುದು ರಾಜ್ಯದ ಪೊಲೀಸ್. ಜನಗಣತಿ ಕೇಂದ್ರದ ವಿಷಯ, ಮನೆಮನೆ ತಿರುಗುವವರು ನಮ್ಮ ಶಾಲೆಯ ಮೇಷ್ಟ್ರುಗಳು. ತನ್ನದೇ ಆದ ಆಡಳಿತ ಯಂತ್ರ ಹಳ್ಳಿಯ ಮಟ್ಟದಲ್ಲಿ, ಅಂಚೆ ಕಚೇರಿಯಂಥವನ್ನು ಬಿಟ್ಟರೆ, ಕೇಂದ್ರಕ್ಕೆ ಇಲ್ಲವೇ ಇಲ್ಲ. ಸಿಬಿಐ ಕೂಡ 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಆರನೇ ಕಲಮಿನ ಪ್ರಕಾರ ರಾಜ್ಯ ಒಪ್ಪಿದರೆ ಮಾತ್ರ ಆ ರಾಜ್ಯದೊಳಗೆ ತನಿಖೆ ಮಾಡಬಲ್ಲುದು, ನ್ಯಾಯಾಲಯ ಆದೇಶಿಸಿದ ಪ್ರಕರಣಗಳ ಮಾತು ಬೇರೆ. ಕರ್ನಾಟಕ ತನ್ನ ಸಾರ್ವತ್ರಿಕ ಒಪ್ಪಿಗೆಯನ್ನು 2024ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ನಿಮ್ಮ ಸೇತುವೆಯ ಜಮೀನಿನ ಕತೆಯೂ ಇದೇ: ಭೂಸ್ವಾಧೀನದ 2013ರ ಕಾಯ್ದೆ ಸಂಸತ್ತಿನದ್ದಾದರೂ ಅದರಡಿ ನೋಟಿಸು ಹೊರಡಿಸಿ, ಅಳತೆ ಮಾಡಿಸಿ, ಪರಿಹಾರ ನಿಗದಿ ಮಾಡುವವರು ಜಿಲ್ಲಾಧಿಕಾರಿಯವರ ಕೈಕೆಳಗಿನ ಅಧಿಕಾರಿಗಳು.

ಹಣದ ವಿಷಯ ಹೇಳದಿದ್ದರೆ ಮೇಲಿನದ್ದೆಲ್ಲ ಅರ್ಧ ಉತ್ತರವಾಗುತ್ತದೆ, ಏಕೆಂದರೆ ನಿಜವಾದ ಎಳೆದಾಟ ಇರುವುದು ಇಲ್ಲಿ. ಆದಾಯ ತೆರಿಗೆ, ಕಂಪನಿ ತೆರಿಗೆ, ಸೀಮಾಸುಂಕದಂಥ ಬೆಳೆಯುವ ತೆರಿಗೆಗಳು ಕೇಂದ್ರದ ಬಳಿ ಇವೆ. ಶಾಲೆ, ಆಸ್ಪತ್ರೆ, ಪೊಲೀಸ್, ನೀರಾವರಿಯಂಥ ಖರ್ಚುಗಳು ರಾಜ್ಯದ ಬಳಿ ಇವೆ. ಈ ಅಂತರವನ್ನು ಮುಚ್ಚಲೆಂದೇ 280ನೇ ವಿಧಿಯಲ್ಲಿ ಹಣಕಾಸು ಆಯೋಗವಿದೆ. ಐದು ವರ್ಷಕ್ಕೊಮ್ಮೆ ಅದು ಎರಡು ಲೆಕ್ಕ ಹೇಳುತ್ತದೆ: ಹಂಚಬೇಕಾದ ಕೇಂದ್ರ ತೆರಿಗೆಗಳಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಎಷ್ಟು, ಅದರಲ್ಲಿ ಯಾವ ರಾಜ್ಯಕ್ಕೆ ಎಷ್ಟು. 2026ರ ಮಾರ್ಚ್‌ವರೆಗಿನ ಹಂಚಿಕೆ ಹೇಳಿದ 15ನೇ ಆಯೋಗ ಮೊದಲ ಲೆಕ್ಕವನ್ನು ಶೇ 41ಕ್ಕೆ ನಿಲ್ಲಿಸಿತು. ಎರಡನೇ ಲೆಕ್ಕದಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಕಾಲದಲ್ಲಿದ್ದ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ನೀವು ಕೇಳಿದ ‘ಅನ್ಯಾಯ’ದ ಮಾತು ಗಟ್ಟಿಯಾದದ್ದು ಇಲ್ಲಿಂದ.

ಇಳಿದದ್ದೇಕೆ? 15ನೇ ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ. ಅಂದರೆ ಒಂದು ರಾಜ್ಯದ ತಲಾ ಆದಾಯ ಎಷ್ಟು ಕಡಿಮೆಯೋ ಅದರ ಪಾಲು ಅಷ್ಟು ಹೆಚ್ಚು. ಬೆಂಗಳೂರಿನ ಗಳಿಕೆಯಿಂದ ಕರ್ನಾಟಕದ ಸರಾಸರಿ ಏರಿತು, ಪಾಲು ಇಳಿಯಿತು. ಕಲಬುರಗಿ, ಯಾದಗಿರಿಯ ಬಡತನ ಆ ಸರಾಸರಿಯಲ್ಲಿ ಮುಳುಗಿಹೋಯಿತು. ಜೊತೆಗೆ ಜನಸಂಖ್ಯೆಯ ಲೆಕ್ಕಕ್ಕೆ 1971ರ ಜನಗಣತಿಯನ್ನು ಪೂರ್ತಿ ಬಿಟ್ಟು 2011ರದ್ದನ್ನು ಹಿಡಿಯಲಾಯಿತು. ಜನಸಂಖ್ಯೆ ನಿಯಂತ್ರಣಕ್ಕೆಂದು ಶೇ 12.5ರ ಬೇರೆ ತೂಕ ಕೊಟ್ಟರೂ ಕರ್ನಾಟಕದ ನಷ್ಟ ತುಂಬಲಿಲ್ಲ. ಈ ಹಠಾತ್ ಇಳಿಕೆಯನ್ನು ಆಯೋಗವೇ ಗಮನಿಸಿ, ತನ್ನ 2020–21ರ ವರದಿಯಲ್ಲಿ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಸೂಚಿಸಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ. ಸಿರಿವಂತ ರಾಜ್ಯದಿಂದ ಬಡ ರಾಜ್ಯಕ್ಕೆ ಹಣ ಹರಿಯುವುದನ್ನೇ ಅನ್ಯಾಯ ಎನ್ನುವವರ ಜೊತೆ ನಾನಿಲ್ಲ. ಹಾಗೆಂದರೆ ಬೆಂಗಳೂರಿನವರು ನಾಳೆ ನಿಮ್ಮ ಹಾವೇರಿಯ ಬಗ್ಗೆಯೂ ಅದೇ ಮಾತನ್ನು ಆಡಬಹುದು. ಆದರೆ ಹಂಚಿಕೆಗೇ ಬಾರದ ಹಣದ ಬಗ್ಗೆ ಕರ್ನಾಟಕ ಮಾತ್ರವಲ್ಲ ಎಲ್ಲ ರಾಜ್ಯಗಳ ದೂರೂ ನ್ಯಾಯವಾದದ್ದು. ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ಸೆಸ್ ಮತ್ತು ತೆರಿಗೆಯ ಮೇಲೆ ಹಾಕುವ ಸರ್ಚಾರ್ಜ್‌ಗಳನ್ನು ರಾಜ್ಯಗಳ ಜೊತೆ ಹಂಚಬೇಕಾಗಿಲ್ಲ ಎಂದು 270 ಮತ್ತು 271ನೇ ವಿಧಿಗಳು ಹೇಳುತ್ತವೆ. ಪೆಟ್ರೋಲ್ ಬಂಕಿನಲ್ಲಿ ಇದರ ಅರ್ಥ ಏನೆಂದು ನೋಡಿ. 2022ರ ಮೇ ತಿಂಗಳ ಕಡಿತದ ನಂತರ ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಅಬಕಾರಿ ಸುಂಕ 19.90 ರೂಪಾಯಿ ಇತ್ತು. ಅದರಲ್ಲಿ ಹಂಚಿಕೆಗೆ ಬರುವ ಮೂಲ ಸುಂಕ ಕೇವಲ 1.40 ರೂಪಾಯಿ, ಉಳಿದದ್ದೆಲ್ಲ ಸೆಸ್ಸು, ಹೆಚ್ಚುವರಿ ಸುಂಕ. ಆ 1.40ರಲ್ಲಿ ಶೇ 41 ಎಂದರೆ ಸುಮಾರು 57 ಪೈಸೆ ಎಲ್ಲ ರಾಜ್ಯಗಳಿಗೂ ಸೇರಿ. ಕರ್ನಾಟಕದ ಆಗಿನ ಶೇ 3.647ರ ಪಾಲು ಲೆಕ್ಕ ಹಾಕಿದರೆ ಎರಡು ಪೈಸೆ. ನ್ಯಾಯಕ್ಕೆ ಇನ್ನೊಂದು ಮಾತನ್ನೂ ಸೇರಿಸಬೇಕು: ಅದೇ ಪೆಟ್ರೋಲಿನ ಮೇಲೆ ರಾಜ್ಯ ಹಾಕುವ ಮಾರಾಟ ತೆರಿಗೆ ಪೂರ್ತಿ ರಾಜ್ಯದ್ದೇ, ಅದನ್ನು ನಮ್ಮ ಸರ್ಕಾರ 2024ರ ಜೂನ್‌ನಲ್ಲಿ ಶೇ 29.84ಕ್ಕೆ ಏರಿಸಿತು. ಪೆಟ್ರೋಲು ಡೀಸೆಲ್ಲುಗಳನ್ನು ಜಿಎಸ್‌ಟಿಯೊಳಗೆ ತರಲು ಯಾರೂ ಆತುರಪಡದಿರುವುದರ ಗುಟ್ಟು ಇದೇ.

ಜಿಎಸ್‌ಟಿ ಈ ಹಂಚಿಕೆಯ ಹಳೆಯ ತರ್ಕವನ್ನೇ ಬದಲಿಸಿತು. ಅದಕ್ಕೆ ಮುಂಚೆ ಒಂದು ತೆರಿಗೆ ಒಂದೋ ಕೇಂದ್ರದ್ದು, ಇಲ್ಲವೇ ರಾಜ್ಯದ್ದು. ಸಮವರ್ತಿ ಪಟ್ಟಿಯಲ್ಲಿ ಸಾಮಾನ್ಯ ತೆರಿಗೆಗಳಿಗೆ ಜಾಗವಿರಲಿಲ್ಲ. 2016ರ 101ನೇ ತಿದ್ದುಪಡಿ 246ಎ ಎಂಬ ಹೊಸ ವಿಧಿಯಿಂದ ಇಬ್ಬರಿಗೂ ಒಂದೇ ವಸ್ತುವಿನ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟು, ದರದ ತೀರ್ಮಾನವನ್ನು ಜಿಎಸ್‌ಟಿ ಮಂಡಳಿಗೆ ಒಪ್ಪಿಸಿತು. ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು, ಎಲ್ಲ ರಾಜ್ಯಗಳಿಗೂ ಸೇರಿ ಮೂರರಲ್ಲಿ ಎರಡು ಪಾಲು ತೂಕ; ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೂಡಿ ಕಳೆದು ನೋಡಿದರೆ ಕೇಂದ್ರ ಒಪ್ಪದ ಯಾವುದೂ ಅಲ್ಲಿ ಆಗದು, ಆದರೆ ಒಂದು ರಾಜ್ಯ ಒಪ್ಪದಿದ್ದರೂ ಎಲ್ಲವೂ ಆಗಬಹುದು. ಮಂಡಳಿಯ ಶಿಫಾರಸು ಶಾಸಕಾಂಗಗಳನ್ನು ಕಟ್ಟಿಹಾಕುವುದಿಲ್ಲ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪನ್ನು ಹಿಡಿದು ಬೇರೆ ದಾರಿ ತುಳಿಯುವ ಧೈರ್ಯ ಮಾಡುವುದು ರಾಜ್ಯಕ್ಕೆ ಸುಲಭವಲ್ಲ, ಇಡೀ ತೆರಿಗೆಯ ಜೋಡಣೆ ಒಂದೇ ದಾರಕ್ಕೆ ಪೋಣಿಸಿದ್ದಾಗಿದೆ.

ಹಣದ ಅಧಿಕಾರ ಕಾನೂನಿನ ಅಧಿಕಾರವನ್ನು ಹೇಗೆ ಹಿಡಿದಿಡುತ್ತದೆ ಎಂಬುದಕ್ಕೆ ಅಕ್ಕಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೂ ತಿಂಗಳಿಗೆ ಐದು ಕಿಲೋ ಧಾನ್ಯ ಕೇಂದ್ರದಿಂದ ಬರುತ್ತದೆ. ಅನ್ನಭಾಗ್ಯದಲ್ಲಿ ಇನ್ನೂ ಐದು ಕಿಲೋ ಸೇರಿಸುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಹೇಳಿತು. ಹಾಗೆ ಕೊಡುವುದನ್ನು ಯಾವ ಪಟ್ಟಿಯೂ ತಡೆಯುವುದಿಲ್ಲ, ಹಣವನ್ನೂ ರಾಜ್ಯವೇ ಇಟ್ಟಿತ್ತು. ಅದೇ ಜೂನ್‌ನಲ್ಲಿ ಕೇಂದ್ರವು ಆಹಾರ ನಿಗಮದ ದಾಸ್ತಾನಿನಿಂದ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ರಾಜ್ಯಕ್ಕೆ ಬೇಕಾದಷ್ಟು ಅಕ್ಕಿ ಬೇರೆಡೆ ದೊರೆಯಲಿಲ್ಲ. ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಬೇಕಾಯಿತು. ಅಕ್ಕಿಯೇ ಮತ್ತೆ ಸಿಗತೊಡಗಿದ್ದು 2025ರಲ್ಲಿ. ಅದೇ 2023ರ ಬರಗಾಲದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ; ತಿಂಗಳುಗಟ್ಟಲೆ ಉತ್ತರ ಬಾರದೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಕೇಳಿದ್ದೆಲ್ಲವೂ ನಿಯಮದಂತೆ ಕೊಡಬೇಕಾದದ್ದೇ ಎಂದು ನಾನು ಹೇಳುತ್ತಿಲ್ಲ. ಕೊಡುವ ಕಾಲವನ್ನು ನಿರ್ಧರಿಸುವವರು ಒಬ್ಬರೇ ಎಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ.

ನದಿ ನೀರಿನ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೀರು ರಾಜ್ಯ ಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿ ಕೇಂದ್ರ ಪಟ್ಟಿಯ 56ನೇ ನಮೂದು, ವಿವಾದಗಳ ತೀರ್ಮಾನಕ್ಕೆ 262ನೇ ವಿಧಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ತಡೆಯಲು ಕರ್ನಾಟಕ 1991ರಲ್ಲಿ ಸುಗ್ರೀವಾಜ್ಞೆ ಹೊರಡಿಸಿದಾಗ, ಒಂದು ರಾಜ್ಯ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಬಾರದೆಂದು ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. 2018ರ ಅಂತಿಮ ತೀರ್ಪಿನಲ್ಲಿ ನಮ್ಮ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚು ಬಂದು ಒಟ್ಟು 284.75 ಆಯಿತು.

ಈ ಮೂರು ಹಂಚಿಕೆಗಳ ಹೊರಗೆ ಕೇಂದ್ರದ ಕೈಯಲ್ಲಿ ಇನ್ನೂ ಕೆಲವು ಅಧಿಕಾರಗಳಿವೆ. ನಮ್ಮ ರಾಜ್ಯದ ಹೆಸರನ್ನೇ ತೆಗೆದುಕೊಳ್ಳಿ. ‘ಮೈಸೂರು’ ಹೋಗಿ ‘ಕರ್ನಾಟಕ’ ಬಂದದ್ದು 1973ರ ನವೆಂಬರ್ 1ರಂದು, ಅದು ಬಂದದ್ದು ಸಂಸತ್ತಿನ ಕಾಯ್ದೆಯಿಂದ; ಹೆಸರು, ಗಡಿ, ರಾಜ್ಯದ ಇರವು ಎಲ್ಲವೂ ಮೂರನೇ ವಿಧಿಯಂತೆ ಸಂಸತ್ತಿನ ಸರಳ ಬಹುಮತಕ್ಕೆ ಬಿಟ್ಟದ್ದು. ರಾಜ್ಯದ ಅಭಿಪ್ರಾಯ ಕೇಳಬೇಕು, ಕೇಳಿದ ಮೇಲೆ ಪಾಲಿಸಬೇಕೆಂದಿಲ್ಲ. 2014ರಲ್ಲಿ ಆಂಧ್ರದ ವಿಧಾನಸಭೆ ವಿಭಜನೆಯ ವಿಧೇಯಕವನ್ನು ತಿರಸ್ಕರಿಸಿದರೂ ತೆಲಂಗಾಣ ಹುಟ್ಟಿತು. ರಾಜ್ಯಸಭೆ ಮೂರರಲ್ಲಿ ಎರಡು ಬಹುಮತದಿಂದ ನಿರ್ಣಯಿಸಿದರೆ ರಾಜ್ಯ ಪಟ್ಟಿಯ ವಿಷಯದ ಮೇಲೂ ಸಂಸತ್ತು ತಾತ್ಕಾಲಿಕವಾಗಿ ಕಾನೂನು ಮಾಡಬಹುದು.

ಎಲ್ಲಕ್ಕಿಂತ ಹೆಚ್ಚು ದುರುಪಯೋಗವಾದದ್ದು ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ. ಅದಕ್ಕೆ ಕಡಿವಾಣ ಬಿದ್ದದ್ದು ಕನ್ನಡಿಗರೊಬ್ಬರ ಮೊಕದ್ದಮೆಯಿಂದ ಎಂಬುದನ್ನು ಪಾಠ ಮಾಡುವಾಗೆಲ್ಲ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಬಹುಮತ ಕಳೆದುಕೊಂಡಿದೆ ಎಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ವರದಿ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಹೇಳಿದರೂ ಅವಕಾಶ ಕೊಡದೆ ಸರ್ಕಾರವನ್ನು ವಜಾ ಮಾಡಲಾಯಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತು, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದ ನೆಲದ ಮೇಲೆ ತೀರ್ಮಾನವಾಗಬೇಕೇ ಹೊರತು ರಾಜಭವನದಲ್ಲಲ್ಲ ಎಂದೂ, ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ, ಸಂಸತ್ತಿನ ಒಪ್ಪಿಗೆಗೆ ಮುಂಚೆ ವಿಧಾನಸಭೆಯನ್ನು ವಿಸರ್ಜಿಸಬಾರದೆಂದೂ ಹೇಳಿತು. ಬೊಮ್ಮಾಯಿಯವರಿಗೆ ಅಧಿಕಾರವೇನೂ ಮರಳಲಿಲ್ಲ, ಆದರೆ ಆಮೇಲೆ ಮನಬಂದಂತೆ ರಾಜ್ಯ ಸರ್ಕಾರಗಳನ್ನು ಉರುಳಿಸುವುದು ಬಹಳಷ್ಟು ಕಡಿಮೆಯಾಯಿತು. ಜಗಳ ಈಗ ರಾಜ್ಯಪಾಲರ ಮೇಜಿನ ಮೇಲೆ ಅಂಕಿತಕ್ಕೆ ಕಾಯುವ ವಿಧೇಯಕಗಳಿಗೆ ಸರಿದಿದೆ. ಅದಕ್ಕೆ ನ್ಯಾಯಾಲಯ ಗಡುವು ವಿಧಿಸಲಾಗದು, ಆದರೆ ಕಾರಣವಿಲ್ಲದೆ ದೀರ್ಘಕಾಲ ಸುಮ್ಮನೆ ಇಟ್ಟುಕೊಂಡರೆ ಸೀಮಿತ ನಿರ್ದೇಶನ ಕೊಡಬಹುದು ಎಂದು 2025ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಅಭಿಪ್ರಾಯ ನೀಡಿದೆ.

ಕೂತು ಮಾತಾಡಿ ಬಗೆಹರಿಸಿಕೊಳ್ಳಲು ವೇದಿಕೆ ಇಲ್ಲವೇ ಎಂದರೆ, 263ನೇ ವಿಧಿಯ ಅಂತರರಾಜ್ಯ ಪರಿಷತ್ತು ಇದೆ. 1983ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಸೇರಿಸಿದ ಕೆಲವೇ ದಿನಗಳಲ್ಲಿ ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿತು. ಆ ಆಯೋಗ ಒತ್ತಿ ಹೇಳಿದ ಪರಿಷತ್ತು 1990ರಲ್ಲಿ ರಚನೆಯಾಯಿತು. 2016ರವರೆಗಿನ 26 ವರ್ಷಗಳಲ್ಲಿ ಅದು ಸೇರಿದ್ದು ಹನ್ನೊಂದು ಸಲ.

ದೆಹಲಿಯ ಮೇಲೆ ಇಷ್ಟೆಲ್ಲ ಹೇಳಿದ ಮೇಲೆ ವಿಧಾನಸೌಧವನ್ನೂ ಬಿಡಲಾಗದು. ಪಂಚಾಯಿತಿಗಳಿಗೆ ಅಧಿಕಾರ ಕೊಡುವುದರಲ್ಲಿ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಗಿ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ 1983ರ ಕಾಯ್ದೆ ತಂದು 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿದ ರಾಜ್ಯವಿದು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಸಕಾಲದಲ್ಲಿ ಚುನಾವಣೆ ನಡೆಸದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳನ್ನು ಕೂರಿಸಿದ್ದೂ ಇದೇ ರಾಜ್ಯ. ಕೇಂದ್ರದ ಮುಂದೆ ಒಕ್ಕೂಟ ತತ್ವದ ಮಾತಾಡುವ ಯಾವ ಪಕ್ಷವೂ ಈ ಆರೋಪದಿಂದ ಹೊರಗಿಲ್ಲ.

ಈಗ ನಿಮ್ಮ ಸೇತುವೆ. ಹಳಿಯ ಮೇಲಿನ ಭಾಗ ಮುಗಿದಿದೆ ಎಂದರೆ ರೈಲ್ವೆ ಒಪ್ಪಿದ ವಿನ್ಯಾಸ ನಕ್ಷೆ ಇದ್ದೇ ಇದೆ, ಆ ಬಗ್ಗೆ ಸಂಶಯ ಬೇಡ. ತಡೆ ಹೆಚ್ಚಾಗಿ ಇರುವುದು ಮೂರರಲ್ಲಿ ಒಂದು ಕಡೆ: ಜಮೀನಿನ ಅಂತಿಮ ಅಧಿಸೂಚನೆ ಆಗಿಲ್ಲ, ಪರಿಹಾರದ ಹಣ ಠೇವಣಿಯಾಗಿಲ್ಲ, ಇಲ್ಲವೇ ಸಂಪರ್ಕ ರಸ್ತೆಯ ಟೆಂಡರ್ ಬಿದ್ದುಹೋಗಿದೆ. ಮಾಹಿತಿ ಹಕ್ಕಿನ ಎರಡು ಅರ್ಜಿಗಳನ್ನು ಬೇರೆ ಬೇರೆಯಾಗಿ ಹಾಕಿ. ಒಂದು ನೈರುತ್ಯ ರೈಲ್ವೆಯ ನಿಮ್ಮ ವಿಭಾಗೀಯ ಕಚೇರಿಗೆ: ವೆಚ್ಚ ಹಂಚಿಕೆಯ ಒಪ್ಪಂದದ ಪ್ರತಿ ಮತ್ತು ರಾಜ್ಯದಿಂದ ಇದುವರೆಗೆ ಬಂದ ಹಣದ ವಿವರ ಕೇಳಿ. ಇನ್ನೊಂದು ಭೂಸ್ವಾಧೀನದ ಹೊಣೆ ಹೊತ್ತ ಉಪವಿಭಾಗಾಧಿಕಾರಿ ಅಥವಾ ವಿಶೇಷ ಭೂಸ್ವಾಧೀನಾಧಿಕಾರಿಯವರ ಕಚೇರಿಗೆ: ಸರ್ವೆ ನಂಬರುಗಳು, ಅಧಿಸೂಚನೆಯ ದಿನಾಂಕ, ಪರಿಹಾರ ಪಾವತಿಯ ಸ್ಥಿತಿ ಕೇಳಿ. ಎರಡಕ್ಕೂ ಶುಲ್ಕ ಹತ್ತು ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಟೆಂಡರಿನ ಪ್ರಶ್ನೆಯನ್ನು ಅದೇ ಅರ್ಜಿಗೆ ಸೇರಿಸಿದರೆ ಆ ಕಾರಣಕ್ಕೇ ತಿರಸ್ಕರಿಸಬಹುದು. ಅದನ್ನು ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಪ್ರತ್ಯೇಕವಾಗಿ ಬರೆಯಿರಿ. ಮೂವತ್ತು ದಿನಗಳಲ್ಲಿ ಬರುವ ಉತ್ತರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಶಾಸಕರ ಬಳಿಯೂ ಸಂಸದರ ಬಳಿಯೂ ಮತ್ತೊಮ್ಮೆ ಹೋಗಿ.